ಜವಾರಿ

ಸಂತಿಯೊಳಗ ಜವಾರಿ ಅಂದ್ರ ಸೌತಿಕಾಯಿ,
ಜವಾರಿ ಅಂದ್ರ ಕೋಳಿ, ಬೆಳ್ಳೊಳ್ಳಿ.
ನನ್ನ ಅಂಗಡ್ಯಾಗ ಹಂಗಲ್ಲ.
ಇಲ್ಲಿ ಜವಾರಿ ಅಂದ್ರ
ತಂಬೂರಿ ಕುದುರಿಯ ಬೆನ್ನಮ್ಯಾಲೆ
ತಂತಿ ಕುಂದರೂ ಒಂದು ಕಡ್ಲಿಬ್ಯಾಳಿಯಷ್ಟು ಜಾಗಾ.

ಒಂಟಿ ಎಲುಬು. ನೋಡಾಕ ಚಪ್ಪಟಿ. ಚಪ್ಪಟಿ ಅಲ್ಲ.
ಅಪ್ಪ ಹೇಳತಿದ್ದ: ಅರ ಒಂದೆಳಿ ಹೆಚ್ಚಾದ್ರ
ತಂಬೂರಿ ಮೂಗಿನ್ಯಾಗ ಮಾತಾಡತೈತಿ,
ಒಂದೆಳಿ ಕಡಿಮಿ ಆದ್ರ ಬಾಯಿ ಬಿಡೂದಿಲ್ಲ.
ನಲವತ್ತೊಂದು ವರ್ಷ ಆತು, ಲೈನ್ ಬಜಾರದ ಹಿಂದಿನ ಓಣ್ಯಾಗ
ಆ ಎರಡರ ನಡುವ ಕುಂತೀನಿ.

ಗಂಗಾಂಬಿಕಾ ಬಂದದ್ದು ಶ್ರಾವಣದಾಗ.
ಮುಳಗುಂದದಾಕಿ. ಗುಡ್ಡದ ಮ್ಯಾಲಿನ ಲ್ಯಾಬಿನ್ಯಾಗ
ಬೆಳಕಿನ ಅಭ್ಯಾಸ ಮಾಡತಾಳಂತ.
ಅಜ್ಜಿಯ ತಂಬೂರಿ ತಂದಿದ್ಲು, ಮಾತು ನಿಂತದ್ದು.
ಕೆಲಸ ಮುಗಿಯೂತನಕ ಸ್ಟೂಲ್ ಮ್ಯಾಲೆ ಕುಂತು
ಚೀಲದಾಗಿಂದ ಡಬ್ಬಿ ತಗದ್ಲು. ಒಳಗ ಉಗುರಿನಷ್ಟು ಗಾಜು,
ಗಾಜಿನ ಮ್ಯಾಲೆ ಹನಿ ಒಣಗಿಧಂಗ ಒಂದು ಕಲಿ.
"ಚಾಚಾ, ಇದರಾಗ ನಲವತ್ತು ಲಕ್ಷ ಕಂಬ ಅದಾವು.
ಒಂದು ಕೂದಲಿನ ಅಡ್ಡಕ್ಕ ನೂರು ನಿಲ್ತಾವು."
ಲಕ್ಕುಂಡಿ ಗುಡಿಯ ಕಂಬ ನೋಡೇನಿ ನಾನು,
ಮುಟ್ಟಿ ನೋಡೇನಿ. ಇವಕ್ಕ ಯಾವ ಉಳಿ?

ಅಕಿ ಹೇಳಿದ್ಲು: ಈ ಕಡಿಂದ
ಕಣ್ಣಿಗೆ ಕಾಣದ ಕೆಂಪು ಹಾಯಿಸ್ತೀವಿ.
ಎರಡು ಕಣ ಕೂಡಿ ಒಂದಾಗಿ
ಆ ಕಡಿಗೆ ಹಸಿರಾಗಿ ಹೊರಬೀಳಬೇಕು,
ಅದರ ತೂಗಾಟ ಇದರ ಎರಡರಷ್ಟು.
ಬೆಳಕು ಭಾಳ ಸೌಮ್ಯ, ಕೊಟ್ಟಿದ್ದನ್ನೇ ತಿರುಗಿ ಕೊಡತೈತಿ;
ಇಕ್ಕಟ್ಟಿನ್ಯಾಗ ಹಿಡದು ತುಸು ಹೊತ್ತು ನಿಲ್ಲಿಸಿದ್ರ ಮಾತ್ರ
ಕೊಡದಿದ್ದನ್ನೂ ಕೊಡತೈತಿ.
ಕಂಬ ಅದಾವಲ್ಲ, ಅದಕ್ಕ.

"ಅಂದ್ರ ಮಧ್ಯದ ಸಾ ಹಚ್ಚಿದ್ರ
ತಾರದ ಸಾ ಏಳಬೇಕು," ಅಂದೆ.
ಅಕಿ ಸುಮ್ಮನಾದ್ಲು. ಆಮ್ಯಾಲೆ ನಕ್ಕಳು.
"ಹೌದು ಚಾಚಾ. ಅದೇ ಏಳವಲ್ದು. ಐದು ತಿಂಗಳಾತು."

ನಾನು ತಂತಿಯ ಕೆಳಗ ರೇಶಿಮಿ ದಾರ ತೂರಿಸಿ
ಸರಿಸಾಕ ಹತ್ತಿದೆ. ಇಲ್ಲಿ ಇಲ್ಲ.
ಇಲ್ಲಿ ಇಲ್ಲ.
ಇಲ್ಲೂ ಇಲ್ಲ.
ಇಲ್ಲಿ.
ತಂಬೂರಿ ಹೊಟ್ಟಿಯೊಳಗ ಜೇನುಹುಟ್ಟು ಎದ್ದಂಗಾತು.
"ದಾರ ಏನು ಮಾಡ್ತು?"
"ಏನೂ ಮಾಡಿಲ್ಲವ್ವಾ. ಜಾಗಾ ಹಿಡೀತು."
ಹುಡುಗಿ ತಟ್ಟನ ಎದ್ದು ಹೋತು,
ರೊಕ್ಕ ಕೊಡಲಿಲ್ಲ, ತಂಬೂರಿ ಒಯ್ಯಲಿಲ್ಲ.

ಈಗ ಒಂದು ಮಾತು, ಗಿರಾಕಿಗೆ ಹೇಳಬ್ಯಾಡ್ರಿ.
ಮೂರು ವರ್ಷ ಆತು, ಮ್ಯಾಲಿನ ಸ್ವರ
ನನಗ ಕೇಳವಲ್ದು.
ಬೆರಳ ತುದಿಲೆ ಮಾಡತೀನಿ,
ಹುರುಪಿನ ಹುಡುಗೂರ ಮಾರಿ ನೋಡಿ
ಸುರು ಆತು ಅಂತ ತಿಳಕೋತೀನಿ.
ಆ ದಿನಾನೂ ನೋಡಿದ್ದು ಅಕಿ ಮಾರಿ.

ಎಂಟು ದಿನಕ್ಕ ಆಟೋ ಕಳಿಸಿದ್ಲು.
ಕತ್ತಲಿ ಖೋಲಿ. ಕಬ್ಬಿಣದ ಮೇಜು.
ನನ್ನ ಕನ್ನಡಕದ ಮ್ಯಾಲೆ ಇನ್ನೊಂದು ಕನ್ನಡಕ.
ಯಾವುದೋ ಮಷಿನ್ ಉಸಿರಾಡಾಕ ಹತ್ತಿತ್ತು.
ಗಾಜು ಸಿಗಿಸಿದ ತಿರುಪು ಹಿಡದು
ಹುಡುಗಿ ಸಣ್ಣಗ ಅಂತಿದ್ಲು, ನನ್ನ ದನಿಯೊಳಗ,
ಇಲ್ಲಿ ಇಲ್ಲ. ಇಲ್ಲಿ ಇಲ್ಲ.

ಅರ್ಧ ಡಿಗ್ರಿ ಹೊಳ್ಳಿತ್ತು, ಅಷ್ಟ.
ಎದುರಿನ ಬಿಳಿ ಹಾಳಿ ಮ್ಯಾಲೆ
ಸಾಸಿವಿಯಷ್ಟು ಹಸಿರು.
ಯಾರೂ ಹಚ್ಚದ ಹಸಿರು. ಹೊಲದ್ದಲ್ಲ, ಗಿಳಿದಲ್ಲ,
ದರ್ಗಾದ ಚಾದರದ್ದೂ ಅಲ್ಲ.
ನಡುಗತಿತ್ತು; ಅಥವಾ ನಡುಗಿದ್ದು ನಾನು.

"ಕೋಟಿಗೆ ಒಂದು ಹೊಳ್ಳಿದ್ರ ಹೆಚ್ಚು, ಚಾಚಾ.
ಉಳದದ್ದೆಲ್ಲಾ ಕೆಂಪಾಗೇ ಹೋಗತೈತಿ," ಅಂದ್ಲು,
ತಪ್ಪು ಒಪ್ಪಿಕೊಂಡವರ ಹಂಗ.
ನಾನೂ ನಲವತ್ತೊಂದು ವರ್ಷದಾಗ
ಒಪ್ಪುವಂಥ ಜವಾರಿ ಎಷ್ಟು ಮಾಡೀನಿ?
ಕೈಬೆರಳು ಸಾಕು.

"ಕಂಡ್ತೇನು?"
ತಲಿ ಹಾಕಿದೆ. ಕತ್ತಲ್ಯಾಗ ಅಕಿಗೆ ಅದು ಕಾಣಲಿಲ್ಲ,
ಮತ್ತ ಕೇಳಿದ್ಲು.
ನನ್ನ ಕಿವಿಗೆ ಸಿಗದ ಆ ಸಾ
ಹಾಳಿ ಮ್ಯಾಲೆ ಕುಂತಿತ್ತು.
ಮಾತು ಬರಲಿಲ್ಲ.

ತಂಬೂರಿ ಇನ್ನೂ ನನ್ನ ಅಂಗಡ್ಯಾಗ ಐತಿ,
ಗವಸು ಹಾಕೀನಿ. ಮುನ್ನೂರ ಐವತ್ತು ಬಾಕಿ.
ಬರತಾಳ. ಅವಸರ ಇಲ್ಲ.
ದಾರ ಮಾತ್ರ
ಇದ್ದ ಜಾಗಾದಾಗ ಬಿಟ್ಟೀನಿ.